ಸಹಾಯ ಬೇಕು: ಜೆಎಂಎಸ್ ಕ್ಯೂನಿಂದ ಒಂದೇ ತೂಕಕ್ಕೆ ಎರಡು ಎಸ್‌ಎಂಎಸ್

ಎಲ್ಲರಿಗೂ ನಮಸ್ಕಾರ. ಸಿಂಧನೂರಿನ ಒಂದು ರೈಸ್ ಮಿಲ್ಲಿನ ಜಾವಾ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಭತ್ತದ ಲಾರಿ ಕಾಟಾ ಮೇಲೆ ತೂಗಿದ ಕೂಡಲೇ ಮೆಸೇಜ್ ಜೆಎಂಎಸ್ ಕ್ಯೂಗೆ (ಜಾವಾದಲ್ಲಿ ಮೆಸೇಜ್‌ಗಳು ಸಾಲಾಗಿ ಕಾಯುವ ಜಾಗ) ಬೀಳುತ್ತದೆ. ಮೆಸೇಜ್ ಡ್ರಿವನ್ ಬೀನ್ (ಕ್ಯೂಗೆ ಮೆಸೇಜ್ ಬಂದಾಗ ತಾನೇ ಓಡುವ ಕೋಡ್) ಅದನ್ನು ತೆಗೆದುಕೊಂಡು ರೈತರಿಗೆ ಎಸ್‌ಎಂಎಸ್ ಕಳಿಸಿ, ಡೇಟಾಬೇಸ್‌ಗೆ ಬರೆಯುತ್ತದೆ. ಕಾಟಾದವರು ಸುಮ್ನೆ ಕಾಯಬೇಕಿಲ್ಲ, ಸುಗ್ಗಿಯಲ್ಲಿ ಇದು ದೊಡ್ಡ ಅನುಕೂಲ.

ತೊಂದರೆ ಏನೆಂದರೆ, ಎಸ್‌ಎಂಎಸ್ ಹೋದ ಮೇಲೆ ಡೇಟಾಬೇಸ್ ಕೈಕೊಟ್ಟರೆ ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ ಆಗುತ್ತದೆ, ಅಂದರೆ ಮಾಡಿದ್ದೆಲ್ಲ ರದ್ದಾಗಿ ಮೆಸೇಜ್ ಕ್ಯೂಗೆ ವಾಪಸ್ ಹೋಗುತ್ತದೆ. ಅದೇ ಮೆಸೇಜ್ ಮತ್ತೆ ಬೀನ್‌ನ ಆನ್‌ಮೆಸೇಜ್ ಮೆಥಡ್‌ಗೆ ಬರುತ್ತದೆ. ಹೋದ ಎಸ್‌ಎಂಎಸ್ ವಾಪಸ್ ಬರಲ್ಲ ಅಲ್ವಾ? ಒಂದೇ ತೂಕದ ಚೀಟಿಗೆ ಎರಡು ಎಸ್‌ಎಂಎಸ್ ನೋಡಿ ರೈತರು ಗಾಬರಿಯಾಗಿ ಮಿಲ್ಲಿಗೇ ಬರುತ್ತಾರೆ. ದುಡ್ಡಿನ ವಿಷಯ, ಅವರದ್ದು ತಪ್ಪಲ್ಲ.

ಚೀಟಿ ನಂಬರಿಗೆ ಡೇಟಾಬೇಸ್‌ನಲ್ಲಿ ಯೂನಿಕ್ ಕೀ ಇದೆ (ಒಂದೇ ನಂಬರ್ ಎರಡು ಸಲ ಸೇರಲ್ಲ), ಹಾಗಾಗಿ ಲೆಕ್ಕ ಸರಿಯಾಗಿದೆ. ಜೆಎಂಎಸ್ 2.0ರ ಡೆಲಿವರಿ ಕೌಂಟ್ (ಮೆಸೇಜ್ ಎಷ್ಟನೇ ಸಲ ಬರುತ್ತಿದೆ ಅನ್ನೋ ಎಣಿಕೆ) ನೋಡಿ ಎರಡನೇ ಎಸ್‌ಎಂಎಸ್ ತಡೆಯಬಹುದು. ಆದರೆ ಮೊದಲ ಸಲ ಎಸ್‌ಎಂಎಸ್ ಹೋಗುವ ಮುಂಚೆಯೇ ಕೆಟ್ಟಿದ್ದರೆ ರೈತರಿಗೆ ಏನೂ ಸಿಗಲ್ಲ. ಅದು ಇನ್ನೂ ಕಷ್ಟ.

ಎಸ್‌ಎಂಎಸ್‌ಗೆ ಬೇರೆ ಕ್ಯೂ ಮಾಡಿ, ಅದೇ ಎಕ್ಸ್‌ಎ ಟ್ರಾನ್ಸಾಕ್ಷನ್ (ಕ್ಯೂ, ಡೇಟಾಬೇಸ್ ಎರಡೂ ಒಟ್ಟಿಗೇ ಪೂರ್ತಿಯಾಗುವ ಇಲ್ಲವೇ ಒಟ್ಟಿಗೇ ರದ್ದಾಗುವ ವ್ಯವಸ್ಥೆ) ಒಳಗೇ ಅಲ್ಲಿಗೆ ಹಾಕಿದರೆ ಸರಿಯಾ? ಹೀಗೆ ಮಾಡಿದವರು ದಯವಿಟ್ಟು ಹೇಳಿ. ಡೆಡ್ ಲೆಟರ್ ಕ್ಯೂಗೆ (ಮತ್ತೆ ಮತ್ತೆ ಕೆಟ್ಟ ಮೆಸೇಜ್‌ಗಳನ್ನು ಬೇರೆ ಇಡುವ ಕ್ಯೂ) ಬಿಡುವ ಮುಂಚೆ ಎಷ್ಟು ಸಲ ರೀಟ್ರೈ ಇಟ್ಟಿದ್ದೀರಿ ಅನ್ನೋದನ್ನೂ ತಿಳಿಸಿ. ರಾಯಚೂರು ಕಡೆಯವರಿದ್ದರೆ ನಾನೇ ಬಂದು ಕಾಣುತ್ತೇನೆ.