ಕಂಪನಿ ಡಬ್ಬಿ ಹಿಂದ ಸ್ವಂತ ರೌಟರ್ ಹಚ್ಚಿದ್ರ ನೆಟ್ ಬರವಲ್ದು (ವಿಜಯಪುರ)

ಪಡಸಾಲಿ_ವಿಜಯಪುರ:
ಹಳೇ ಕಲ್ಲಿನ ಮನಿ, ಗ್ವಾಡಿ ಎರಡು ಫೂಟು ದಪ್ಪ. ಫೈಬರ್ ಕಂಪನಿಯವರು ಕೊಟ್ಟ ಒಎನ್‌ಟಿ (ಫೈಬರ್ ತಂತಿ ಬಂದು ಸೇರೂ ಡಬ್ಬಿ) ಪಡಸಾಲ್ಯಾಗ ಐತಿ. ಅದರ ವೈಫೈ ಅಡಗಿಮನಿ ಮುಟ್ಟೂದಿಲ್ಲ. ಅದಕ್ಕ ಹೊಸ ರೌಟರ್ ತಂದು, ಒಎನ್‌ಟಿ ಲ್ಯಾನ್ (ಮನಿ ಒಳಗಿನ ನೆಟ್‌ವರ್ಕ್) 1ನೇ ಪೋರ್ಟಿಂದ ಇದರ ವ್ಯಾನ್ (ಹೊರಗಿನ ನೆಟ್ ಬರೂ) ಪೋರ್ಟಿಗೆ 15 ಮೀಟರ್ ಕೇಬಲ್ ಎಳದೇನಿ. ದೀಪ ಹತ್ತತಾವು, ವೈಫೈ ಹೆಸರು ಕಾಣತೈತಿ, ನೆಟ್ ಮಾತ್ರ ಇಲ್ಲ. ಎರಡೂ ಡಬ್ಬಿ ಸೆಟ್ಟಿಂಗ್ 192.168.1.1ರಾಗ ತೆರೀತಾವು. ಮುಂದ ಕ್ಯಾಮೆರಾ ಡಿವಿಆರ್ (ರೆಕಾರ್ಡ್ ಮಾಡೂ ಡಬ್ಬಿ) ಹೊರಗಿಂದ ನೋಡೂದೈತಿ. ಬ್ರಿಡ್ಜ್ ಮೋಡ್ (ಒಎನ್‌ಟಿ ಬರೇ ಸಿಗ್ನಲ್ ದಾಟಿಸಿ, ಲಾಗಿನ್ ನಮ್ಮ ರೌಟರ್ ಮಾಡೂದು) ಮಾಡಿಸಬೇಕೇನ್ರಿ?

ನವನಗರ_ಬಾಗಲಕೋಟಿ:
ರೋಗ ಏನಂತ ನೀವ ಬರದೀರಲ್ರಿ. ಎರಡೂ 192.168.1.1. ರೌಟರಿನ ವ್ಯಾನ್ ಕಡೆನೂ ಲ್ಯಾನ್ ಕಡೆನೂ ಒಂದ ನೆಟ್‌ವರ್ಕ್ ಆದ್ರ, ಪ್ಯಾಕೆಟ್ ಯಾವ ಬಾಗಲದಿಂದ ಹೊರಗ ಹಾಕಬೇಕು ಅನ್ನೂದ ಅದಕ್ಕ ತಿಳೀದುಲ್ಲ. ಕೆಲವು ರೌಟರ್ ಇದನ್ನ ತಾವ ಗುರ್ತ ಹಿಡದು ಐಪಿ ಬದಲ್ ಮಾಡ್ಕೋತಾವು, ಕೆಲವು ಸುಮ್ನ ಕೂಡ್ತಾವು.

ವ್ಯಾನ್ ಕೇಬಲ್ ಕಿತ್ತಿಡ್ರಿ. ಲ್ಯಾಪ್‌ಟಾಪ್‌ನ್ನ ಹೊಸ ರೌಟರಿನ ಲ್ಯಾನ್ ಪೋರ್ಟಿಗೆ ಹಚ್ಚಿ, ಲ್ಯಾನ್ ಐಪಿ 192.168.10.1 ಮಾಡಿ ಸೇವ್ ಮಾಡ್ರಿ. ರೌಟರ್ ಬಂದ್ ಆಗಿ ಚಾಲೂ ಆದ ಮ್ಯಾಲೆ ಲ್ಯಾಪ್‌ಟಾಪ್ ಕೇಬಲ್ ಒಮ್ಮೆ ತಗದು ಹಾಕ್ರಿ, ಹೊಸ ಐಪಿ ಸಿಗತೈತಿ. ವ್ಯಾನ್ ನಮೂನಿ 'ಡೈನಾಮಿಕ್ ಐಪಿ' ಇರ್ಲಿ. ಪಿಪಿಪಿಒಇ (ಯೂಸರ್ ನೇಮ್-ಪಾಸ್‌ವರ್ಡ್ ಕೊಟ್ಟು ಕಂಪನಿಗೆ ಲಾಗಿನ್ ಆಗೂದು) ಹಾಕಬ್ಯಾಡ್ರಿ, ಆ ಲಾಗಿನ್ ಒಎನ್‌ಟಿ ಆಗಲೇ ಮಾಡೇತಿ. ಈಗ ಕೇಬಲ್ ಹಚ್ಚಿದ್ರ ಸ್ಟೇಟಸ್ ಪುಟದಾಗ ವ್ಯಾನ್ ಐಪಿ 192.168.1 ಸಾಲಿಂದು ಬರಬೇಕು. 0.0.0.0 ಅಂದ್ರ ಒಎನ್‌ಟಿಯ ಬ್ಯಾರೆ ಲ್ಯಾನ್ ಪೋರ್ಟ್ ನೋಡ್ರಿ. ಒಂದು ಪೋರ್ಟ್ ಟಿವಿ ಡಬ್ಬಿಗಂತ ಕಟ್ಟಿಟ್ಟಿರತಾರ.

ಶಹಾಪುರ_ಬೆಳಗಾವಿ:
ಮೇಲಿನದು ಸರಿ, ಆದರೆ ನಿಮ್ಮ ಕೆಲಸಕ್ಕೆ ಎರಡು ನ್ಯಾಟ್ (ಒಂದು ಐಪಿಯನ್ನು ಹಲವು ಸಾಧನಕ್ಕೆ ಹಂಚೋ ಕೆಲಸ) ಯಾಕೆ? ಬೇಕಾಗಿರೋದು ಅಡುಗೆಮನೆಗೆ ವೈಫೈ. ರೌಟರನ್ನು ಆಕ್ಸೆಸ್ ಪಾಯಿಂಟ್ (ಎಪಿ, ಬರೀ ವೈಫೈ ಹರಡೋ) ಮೋಡ್‌ಗೆ ಹಾಕಿ. ಆ ಆಯ್ಕೆ ಇಲ್ಲದಿದ್ದರೆ ಲ್ಯಾನ್ ಐಪಿ 192.168.1.2 ಕೊಟ್ಟು (ಒಎನ್‌ಟಿಯ ಡಿಎಚ್‌ಸಿಪಿ, ಅಂದರೆ ತಾನೇ ಐಪಿ ಕೊಡೋ ವ್ಯವಸ್ಥೆ, ಹಂಚೋ ಸಾಲಿನ ಹೊರಗಿರಲಿ), ರೌಟರಿನ ಡಿಎಚ್‌ಸಿಪಿ ಆಫ್ ಮಾಡಿ, ಕೇಬಲನ್ನು ವ್ಯಾನ್‌ಗಲ್ಲ, ಲ್ಯಾನ್ ಪೋರ್ಟಿಗೆ ಹಾಕಿ. ಡಿಎಚ್‌ಸಿಪಿ ಆಫ್ ಮಾಡೋದು ಮರೆತರೆ ಮನೆಯಲ್ಲಿ ಇಬ್ಬರು ಐಪಿ ಹಂಚೋಕೆ ನಿಲ್ತಾರೆ, ಒಂದು ಮೊಬೈಲಿಗೆ ನೆಟ್ ಇರುತ್ತೆ, ಇನ್ನೊಂದಕ್ಕಿಲ್ಲ. ವೈಫೈ ಹೆಸರು, ಪಾಸ್‌ವರ್ಡ್ ಎರಡರಲ್ಲೂ ಒಂದೇ ಇಡಿ. 2.4 ಗಿಗಾಹರ್ಟ್ಸ್‌ನಲ್ಲಿ ಒಎನ್‌ಟಿಗೆ ಚಾನೆಲ್ 1, ಇದಕ್ಕೆ 6 ಅಥವಾ 11.

ಡಿವಿಆರ್ ವಿಷಯಕ್ಕೆ ಮೊದಲು ಒಎನ್‌ಟಿಯ ಸ್ಟೇಟಸ್‌ನಲ್ಲಿ ವ್ಯಾನ್ ಐಪಿ ನೋಡಿ. 100.64ರಿಂದ 100.127ರೊಳಗೆ ಶುರುವಾದರೆ ಅದು ಸಿಜಿನ್ಯಾಟ್, ಅಂದರೆ ಒಂದೇ ಪಬ್ಲಿಕ್ ಐಪಿಯನ್ನು ಕಂಪನಿ ಹತ್ತಾರು ಮನೆಗೆ ಹಂಚಿದೆ. ಆಗ ಬ್ರಿಡ್ಜ್ ಮಾಡಿದರೂ ಪೋರ್ಟ್ ಫಾರ್ವರ್ಡ್ (ಹೊರಗಿಂದ ಬಂದದ್ದನ್ನು ಡಿವಿಆರ್‌ಗೆ ತಿರುಗಿಸೋದು) ಆಗಲ್ಲ. ಡಿವಿಆರ್‌ನದೇ ಪಿ2ಪಿ (ತಯಾರಕರ ಸರ್ವರ್ ಮೂಲಕ ನೋಡೋ ಸೌಲಭ್ಯ) ಆನ್ ಮಾಡಿ ಕ್ಯೂಆರ್ ಸ್ಕ್ಯಾನ್ ಮಾಡಿ, ಇಲ್ಲವೇ ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ (ನಿಮಗೇ ಮೀಸಲಾದ ಬದಲಾಗದ ಪಬ್ಲಿಕ್ ಐಪಿ) ತಗೊಳ್ಳಿ. ಪಬ್ಲಿಕ್ ಐಪಿ ಇದ್ದರೂ ಡಿವಿಆರನ್ನು ಡಿಎಂಝಡ್‌ಗೆ (ಎಲ್ಲ ಪೋರ್ಟ್ ಹೊರಗೆ ತೆರೆದಿಡೋ ಸೆಟ್ಟಿಂಗ್) ಮಾತ್ರ ಹಾಕಬೇಡಿ.

ನವನಗರ_ಬಾಗಲಕೋಟಿ:
ಹೌದ್ರಿ, ಎಪಿ ಮೋಡ್ ಚಲೋ. ಮುಂದ ಎಂದರ ಬ್ರಿಡ್ಜ್ ಮಾಡಿಸಿದ್ರ ಪಿಪಿಪಿಒಇ ಯೂಸರ್ ನೇಮ್-ಪಾಸ್‌ವರ್ಡ್, ವಿಲ್ಯಾನ್ ನಂಬರ್ (ಕಂಪನಿ ನೆಟ್‌ಗೆ ಕೊಟ್ಟ ಗುರ್ತಿನ ನಂಬರ್), ಮ್ಯಾಕ್ ಲಾಕ್ (ಒಂದ ಡಬ್ಬಿಗೆ ಲಾಗಿನ್ ಕಟ್ಟಿಡೂದು) ಐತೇನು ಅನ್ನೂದು, ಇಷ್ಟು ಮದಲ ಕೇಳಿ ಬರಕೋರಿ. ರೌಟರಿನ ಎಂಟಿಯು (ಒಂದು ಪ್ಯಾಕೆಟ್‌ನ ದೊಡ್ಡ ಅಳತಿ) 1492 ಇರ್ಲಿ. 1500ರಾಗ ಪಿಪಿಪಿಒಇ 8 ಬೈಟ್ ತಿಂತೈತಿ. ತಪ್ಪಿದ್ರ ಕೆಲವು ಸೈಟ್ ತೆರೀತಾವು, ಕೆಲವು ಅರ್ಧಕ್ಕ ನಿಂತ ಬಿಡತಾವು. ಒಎನ್‌ಟಿ ವ್ಯಾನ್ ಪಟ್ಟಿಯೊಳಗ ಟಿಆರ್069 (ಕಂಪನಿ ದೂರದಿಂದ ಒಎನ್‌ಟಿ ನೋಡ್ಕೊಳ್ಳೂ ಸಾಲು), ವಾಯ್ಸ್ ಅಂತಿರೋ ಸಾಲು ಮುಟ್ಟಬ್ಯಾಡ್ರಿ, ಲ್ಯಾಂಡ್‌ಲೈನ್ ಫೋನ್ ಸತ್ತೀತು. ರಿಸೆಟ್ ಗುಂಡಿ ಅಂತೂ ಕನಸಿನ್ಯಾಗೂ ಒತ್ತಬ್ಯಾಡ್ರಿ.

ಪಡಸಾಲಿ_ವಿಜಯಪುರ:
ಎಪಿ ಮೋಡಿನ್ಯಾಗ ನೆಟ್ ಬಂತ್ರೀ. ಒಎನ್‌ಟಿ ವ್ಯಾನ್ ಐಪಿ 100.81 ಅಂತ ತೋರಸ್ತೈತಿ, ಅಂದ್ರ ಪಿ2ಪಿನ ಗತಿ. ಆದ್ರ 200 ಎಂಬಿಪಿಎಸ್ ವೇಗದ ಪ್ಲಾನ್ ಐತಿ, ಅಡಗಿಮನ್ಯಾಗ 94ರ ಮ್ಯಾಲೆ ಏರವಲ್ದು.

ಶಹಾಪುರ_ಬೆಳಗಾವಿ:
94 ಅಂದರೆ ಲಿಂಕ್ 100ಕ್ಕೆ ನಿಂತಿದೆ. ಎರಡೂ ಕಡೆ ಪೋರ್ಟ್ ಗಿಗಾಬಿಟ್ ಇದೆಯಾ ನೋಡಿ. ಇದ್ದರೆ ತಪ್ಪು ಕೇಬಲಿನದು: 100ಕ್ಕೆ 1, 2, 3, 6 ಈ ನಾಲ್ಕು ಪಿನ್ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ನೀಲಿ ಜೋಡಿ (4, 5) ಅಥವಾ ಕಂದು ಜೋಡಿ (7, 8) ಪ್ಲಗ್‌ನಲ್ಲಿ ಸರಿಯಾಗಿ ಕೂತಿರಲ್ಲ. ಎರಡೂ ತುದಿ ಕತ್ತರಿಸಿ ಹೊಸ ಪ್ಲಗ್ ಒತ್ತಿ. ತಂತಿಯನ್ನು ಬ್ಲೇಡಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ತಾಮ್ರ ಬಳಿದ ಅಲ್ಯೂಮಿನಿಯಂ, ಆ ಕೇಬಲ್ ಬದಲಿಸೋದೇ ಲೇಸು.