ಮಗಳು ಊಟ ಬಿಡ್ತಿದ್ದಾಳೆ, ದುಡ್ಡಿಲ್ಲದವರು ಎಲ್ಲಿ ತೋರಿಸಬೇಕು?

ಶಹಾಪುರದ ತಾಯಿಯೊಬ್ಬರ ಪ್ರಶ್ನೆ: ಮಗಳಿಗೆ 15 ವರ್ಷ. ಅರ್ಧ ರೊಟ್ಟಿ ತಿಂದು ಸಾಕು ಅಂತಾಳೆ. ಚೂಡಿದಾರ ಎಲ್ಲಾ ಸಡಿಲ ಆಗಿವೆ, ಮುಟ್ಟು ನಿಂತಿದೆ. ಮನೆಯಲ್ಲಿ ದೃಷ್ಟಿ ತೆಗೆಸು ಅಂತಾರೆ. ಬೆಂಗಳೂರಿಗೆ ಹೋಗುವಷ್ಟು ಅನುಕೂಲ ಇಲ್ಲ. ಅನುಭವ ಇದ್ದವರು ಹೇಳಿ.

ಕಲಬುರಗಿಯಿಂದ:
ಅಕ್ಕಾ, ಇದು ಈಟಿಂಗ್ ಡಿಸಾರ್ಡರ್, ಅಂದರೆ ಊಟಕ್ಕೆ ಸಂಬಂಧಿಸಿದ ಮನಸ್ಸಿನ ಕಾಯಿಲೆ ಇರಬಹುದು. ಮುಟ್ಟು ನಿಂತಿದೆ ಅಂದ ಮೇಲೆ ಕಾಯಬೇಡಿ. ಬೆಂಗಳೂರಿನ ಮಾತು ಆಮೇಲೆ. ಈ ವಾರವೇ ಯಾದಗಿರಿ ಜಿಲ್ಲಾ ಆಸ್ಪತ್ರೆಗೆ ಹೋಗಿ, ಇಲ್ಲಾ ಕಲಬುರಗಿಯ ಜಿಮ್ಸ್ ಆಸ್ಪತ್ರೆಗೆ ಬನ್ನಿ, ಎರಡೂ ಸರ್ಕಾರಿ. ತೂಕ, ನಾಡಿ, ಮಲಗಿದಾಗ ಮತ್ತು ಎದ್ದು ನಿಂತಾಗಿನ ಬಿಪಿ, ಇಸಿಜಿ, ರಕ್ತದಲ್ಲಿ ಪೊಟ್ಯಾಸಿಯಂ, ಫಾಸ್ಫೇಟ್, ಥೈರಾಯ್ಡ್ ಇಷ್ಟು ನೋಡಿ ಅಂತ ನೀವೇ ಕೇಳಿ. ಆಮೇಲೆ ಮನೋವೈದ್ಯರ ಹತ್ತಿರ ಕಳಿಸಿ ಅನ್ನಿ.

ನಮ್ಮಣ್ಣನ ಮಗಳದ್ದೂ ಇದೇ ಕಥೆ. ರೊಟ್ಟಿ ಚೂರು ಚೂರು ಮಾಡಿ ಪುಂಡಿ ಪಲ್ಯದ ಕೆಳಗೆ ಸೇರಿಸಿಡುತ್ತಿದ್ದಳು, ತಟ್ಟೆ ನೋಡಿದರೆ ಉಂಡ ಹಾಗೇ ಕಾಣುತ್ತಿತ್ತು. ಮೇ ತಿಂಗಳ ಕಲಬುರಗಿ ಬಿಸಿಲಲ್ಲಿ ಫ್ಯಾನ್ ಆರಿಸಿ ಚಾದರ ಹೊದ್ದು ಕೂರುತ್ತಿದ್ದಳು. ಒಂದು ಕಡೆ ಹಸಿವಿನ ಟಾನಿಕ್ ಬರೆದುಕೊಟ್ಟು ಕಳಿಸಿದರು. ಹಸಿವು ಇಲ್ಲ ಅಂತಲ್ಲ, ತಿನ್ನೋಕೆ ಭಯ ಅಂತ ಮನೋವೈದ್ಯರು ಹೇಳಿದ ಮೇಲೆಯೇ ನಮಗೆ ದಾರಿ ಕಂಡಿದ್ದು.

ಅವರು ಹೇಳಿಕೊಟ್ಟಿದ್ದು ಇಷ್ಟು: ಏನು ತಿನ್ನಬೇಕು, ಎಷ್ಟು ತಿನ್ನಬೇಕು ಅಂತ ಸದ್ಯಕ್ಕೆ ಅಪ್ಪ ಅಮ್ಮನೇ ನಿರ್ಧರಿಸಬೇಕು. ಮೂರು ಊಟ, ಮಧ್ಯೆ ಏನಾದರೂ ತಿಂಡಿ. ಬಡಿಸಿ ಪಕ್ಕದಲ್ಲೇ ಕೂರಬೇಕು, ಬೈಯಬಾರದು, ಬೇಡಿಕೊಳ್ಳಬಾರದು, ಅವಳು ಅತ್ತರೂ ಕಿರುಚಿದರೂ ಏಳಬಾರದು. ಊಟ ಆದ ಮೇಲೂ ಸ್ವಲ್ಪ ಹೊತ್ತು ಜೊತೆಗಿರಬೇಕು. ಅತ್ತಿಗೆ ಇದನ್ನು ತಿಂಗಳುಗಟ್ಟಲೆ ಮಾಡಿದರು. ಔಷಧಿಗಿಂತ ಜಾಸ್ತಿ ಕೆಲಸ ಮಾಡಿದ್ದು ಅದೇ, ಖರ್ಚು ಬರೀ ಮನೆ ಊಟದ್ದು. ಆದರೆ ತುಂಬಾ ದಿನ ಉಪವಾಸ ಇದ್ದ ಮಗುವಿಗೆ ಒಮ್ಮೆಲೇ ಜಾಸ್ತಿ ತಿನ್ನಿಸಬೇಡಿ. ರಕ್ತದಲ್ಲಿ ಫಾಸ್ಫೇಟ್ ಕುಸಿದು ಹೃದಯಕ್ಕೇ ತೊಂದರೆ ಆಗಬಹುದು. ಎಷ್ಟರಿಂದ ಶುರು ಮಾಡಬೇಕು ಅಂತ ಡಾಕ್ಟರೇ ಹೇಳಲಿ.

ಬೀದರಿನಿಂದ:
ಈ ಕಾಯಿಲೆ ಹುಡುಗಿಯರಿಗೆ ಮಾತ್ರ ಅಂತ ತಿಳಿಯಬೇಡಿ. ನನ್ನ ಮಗ ಉಂಡ ತಕ್ಷಣ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ವಾಂತಿ ಮಾಡುತ್ತಿದ್ದ. ಅವನ ತೂಕ ಏನೂ ಇಳಿದಿರಲಿಲ್ಲ, ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ. ಮುಂದಿನ ಹಲ್ಲಿನ ಹಿಂಭಾಗ ಸವೆದಿದ್ದು ನೋಡಿ ಹಲ್ಲಿನ ಡಾಕ್ಟರೇ ಕೇಳಿದರು. ಇಲ್ಲಿನ ಸರ್ಕಾರಿ ಆಸ್ಪತ್ರೆ ಬ್ರಿಮ್ಸ್‌ನಲ್ಲಿ ಚಿಕಿತ್ಸೆ ನಡೆಯುತ್ತಿದೆ. ವಾಂತಿ ಮಾಡುವವರಿಗೆ ಪೊಟ್ಯಾಸಿಯಂ ಇಳಿಯುತ್ತದೆ, ಆ ಪರೀಕ್ಷೆ ಬಿಡಬೇಡಿ. ವಾಂತಿ ಆದ ತಕ್ಷಣ ಬ್ರಷ್ ಮಾಡುವುದೂ ಬೇಡ, ನೀರಲ್ಲಿ ಬಾಯಿ ಮುಕ್ಕಳಿಸಿದರೆ ಸಾಕು.

ಯಾದಗಿರಿಯಿಂದ, ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡುವವಳು:
ಇವತ್ತೇ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಲ್ಲಿ ಶುರುವಾಗಿದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮ ಇದೆ, ಮನೋವೈದ್ಯರು ಬರುವ ದಿನ ಕೇಳಿಕೊಂಡೇ ಹೋಗಿ, ಸುಮ್ನೆ ಬಸ್ ಚಾರ್ಜ್ ದಂಡ ಆಗಬಾರದು. ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್ ಇದೆ, ಅಲ್ಲಿ ಹುಡುಗಿ ಒಬ್ಬಳೇ ಕೂತು ಮಾತಾಡಬಹುದು. ಆರೋಗ್ಯ ವಿಮೆ ಇದ್ದರೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಮನಸ್ಸಿನ ಕಾಯಿಲೆಗೂ ಬೇರೆ ಕಾಯಿಲೆಗಳ ಹಾಗೇ ವಿಮೆ ಕೊಡಬೇಕು, ಕೇಳಿ ಪಡೆಯಿರಿ.

ಒಂದು ವಿಷಯ ಮಾತ್ರ ನೆನಪಿಡಿ. ತಲೆ ಸುತ್ತಿ ಬಿದ್ದರೆ, ಎದೆ ಏರುಪೇರಾಗಿ ಬಡಿದರೆ, ಎಚ್ಚರ ಇದ್ದಾಗಲೇ ನಾಡಿ ನಿಮಿಷಕ್ಕೆ 50ಕ್ಕಿಂತ ಕಡಿಮೆ ಇದ್ದರೆ ಕ್ಲಿನಿಕ್ ದಿನಕ್ಕೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ ಸೀದಾ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ.