ಸಹಾಯ ಬೇಕು: ತಂಗಿ ಅಶ್ವಗಂಧದ ಪ್ರಯೋಗಕ್ಕೆ ಸೇರಬಹುದೇ?

ಎಲ್ಲರಿಗೂ ನಮಸ್ಕಾರ. ರಾಜಾಜಿನಗರದಲ್ಲಿರುವ ನನ್ನ ತಂಗಿಯನ್ನು ಅಶ್ವಗಂಧದ ಪ್ರಯೋಗವೊಂದಕ್ಕೆ ಕರೆದಿದ್ದಾರೆ. ಕಾಯಿಲೆಯಿಲ್ಲದ, ಆದರೆ ಬಹುಕಾಲದಿಂದ ಮಾನಸಿಕ ಒತ್ತಡದಲ್ಲಿರುವ ವಯಸ್ಕರು ಬೇಕಂತೆ. ದಿನವೂ ಸಿಲ್ಕ್ ಬೋರ್ಡ್ ದಾಟಿ ಕಚೇರಿ ಸೇರುವಷ್ಟರಲ್ಲಿ ಹೈರಾಣಾಗುವ ಅವಳಿಗೆ ಸೇರುವ ಆಸೆ. ನನಗೆ ಭಯ.

ಗಿಡದ ಬಗ್ಗೆ ತಕರಾರಿಲ್ಲ. ನಮ್ಮ ಹಿರೇಮದ್ದಿನ ಗಿಡವೇ ಅದು. 2012ರಲ್ಲಿ ಪ್ರಕಟವಾದ, 64 ಜನರ ಮೇಲಿನ ಭಾರತೀಯ ಅಧ್ಯಯನವೊಂದರಲ್ಲಿ ದಿನಕ್ಕೆರಡು ಬಾರಿ 300 ಮಿಲಿಗ್ರಾಂ ಬೇರಿನ ಸಾರವನ್ನು 60 ದಿನ ಕೊಟ್ಟಾಗ, ಹುಸಿ ಮಾತ್ರೆ ನುಂಗಿದವರಿಗಿಂತ ಇವರ ಒತ್ತಡದ ಅಂಕವೂ ರಕ್ತದಲ್ಲಿನ ಕಾರ್ಟಿಸೋಲ್ (ಒತ್ತಡದ ಹಾರ್ಮೋನ್) ಕೂಡ ಹೆಚ್ಚು ತಗ್ಗಿದ್ದವು. ಆದರೆ ಅಪರೂಪಕ್ಕೆ ಯಕೃತ್ತಿಗೆ ಪೆಟ್ಟು ಬಿದ್ದ ವರದಿಗಳಿವೆ, ಥೈರಾಯ್ಡ್ ಹಾರ್ಮೋನ್ ಏರಲೂಬಹುದು. ತಂಗಿ ಥೈರಾಯ್ಡ್ ಮಾತ್ರೆ ನುಂಗುವವಳು! ಫೋನ್ ಮಾಡಿದವರು ಅದನ್ನು ಕೇಳಲೇ ಇಲ್ಲ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿದೆ. "ಕೊನೆಯ ಪುಟಕ್ಕೆ ಸಹಿ ಹಾಕಿದರೆ ಸಾಕು" ಎಂದರಂತೆ. ತಿಳಿಯುವ ಭಾಷೆಯಲ್ಲಿ ವಿವರಿಸುವುದು ಅವರ ಕರ್ತವ್ಯವಲ್ಲವೇ?

ಇಂಥ ಪ್ರಯೋಗಗಳಲ್ಲಿ ಭಾಗವಹಿಸಿದವರು, ವೈದ್ಯರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಪ್ರಯೋಗ, ಭಾರತದ ವೈದ್ಯಕೀಯ ಪ್ರಯೋಗಗಳ ನೋಂದಣಿ ಪಟ್ಟಿಯಾದ ಸಿಟಿಆರ್‌ಐನಲ್ಲಿ ನೋಂದಣಿಯಾಗಿದೆಯೇ ಎಂದು ಹುಡುಕುವುದು ಹೇಗೆ? ಪ್ರಯೋಗಕ್ಕೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯವರನ್ನು ನಾವೇ ನೇರವಾಗಿ ಕೇಳಬಹುದೇ? ಭಾಗವಹಿಸಿದ್ದವರಿಗೆ ಪ್ರಯೋಗದ ನಡುವೆ ಯಕೃತ್ತಿನ ಪರೀಕ್ಷೆ ಎಷ್ಟು ಸಲ ಮಾಡಿಸಿದರು? ಜೊತೆಗೆ ಕುಳಿತು ಆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳುವವರು ಸಿಕ್ಕರೆ ನಾನೇ ಅವಳನ್ನು ಕರೆದುಕೊಂಡು ಬರುತ್ತೇನೆ. ಶನಿವಾರದೊಳಗೆ ಅವಳು ಉತ್ತರ ಕೊಡಬೇಕಂತೆ.